‘ತರಬೇತಿ’, ‘ಇಲಾಖೆ’, ‘ಸುಧಾರಣೆ’: ಒಂದು ವಾಕ್ಯ ಬರೆಯಲು ನಿಮ್ಮ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ.

ನಾನು ಮಧುಗಿರಿ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಾವು ಕೆಲವು ಶಿಕ್ಷಕರು ಸೇರಿ ಒಂದು ಮನವಿ ಬರೆಯುತ್ತಿದ್ದೇವೆ. ನಮ್ಮ ರಾಜ್ಯದಲ್ಲಿ ಶಿಕ್ಷಕರ ತರಬೇತಿಯನ್ನೂ ಶಾಲೆಯ ಪಠ್ಯಕ್ರಮವನ್ನೂ ನೋಡಿಕೊಳ್ಳುವುದು ಡಿಎಸ್‌ಇಆರ್‌ಟಿ. ಪೂರ್ತಿ ಹೆಸರು ‘ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ’. ಅದರಲ್ಲಿ ಏನು ಬದಲಾದರೆ ನಮ್ಮಂಥ ಊರುಗಳ ಶಾಲೆಗೆ ಒಳ್ಳೆಯದಾಗುತ್ತದೆ ಎಂದು ಎರಡು ಪುಟದಲ್ಲಿ ಹೇಳಬೇಕು. ನೀವು ಕನ್ನಡದವರು ಅಲ್ವಾ, ಕರಡು ನೀವೇ ಬರೆಯಿರಿ ಎಂದು ಉಳಿದವರು ನನಗೆ ಒಪ್ಪಿಸಿದರು.

‘ತರಬೇತಿ ಇಲಾಖೆಯ ಸುಧಾರಣೆ ಕುರಿತು’ ಎಂದು ವಿಷಯದ ಸಾಲು ಬರೆದೆ. ಅಲ್ಲೇ ನಿಂತೆ. ಆ ಸಾಲಿನಲ್ಲಿರುವ ಮೂರು ದೊಡ್ಡ ಪದಗಳೂ ನನಗೆ ತೃಪ್ತಿ ಕೊಡಲಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲು ಪಾವಗಡದ ಒಂದು ಸಂಗತಿ ಹೇಳುತ್ತೇನೆ. ಪಾವಗಡ ನಮ್ಮ ತುಮಕೂರು ಜಿಲ್ಲೆಯದೇ ತಾಲ್ಲೂಕು, ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ್ದು. ಆದರೆ ನಕ್ಷೆಯಲ್ಲಿ ನೋಡಿದರೆ ಸುತ್ತಲೂ ಆಂಧ್ರವೇ ಜಾಸ್ತಿ. ಅಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಲ್ಲಿಯ ನನ್ನ ಗೆಳತಿಯೊಬ್ಬರು ಆಂಧ್ರದ ಮಡಕಶಿರಾದಲ್ಲಿ ಓದುವ ಅಣ್ಣನ ಮಗಳ ತೆಲುಗು ಪಠ್ಯಪುಸ್ತಕ ತಂದು ತೋರಿಸಿದರು. ಡಿಎಸ್‌ಇಆರ್‌ಟಿಯ ಕೆಲಸವನ್ನೇ ಮಾಡುವ ಅವರ ಕಡೆಯ ಸಂಸ್ಥೆಯ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಹೀಗಾಗುತ್ತದೆ: ‘ರಾಷ್ಟ್ರ ವಿದ್ಯಾ ಪರಿಶೋಧನ ಶಿಕ್ಷಣ ಸಂಸ್ಥ’.

ಇದನ್ನು ಕನ್ನಡದ ಕಣ್ಣಿನಿಂದ ಓದಿ ನೋಡಿ. ‘ರಾಷ್ಟ್ರ’ ಅಂದರೆ ನಮಗೆ ದೇಶ, ಅವರಿಗೆ ರಾಜ್ಯ. ‘ಪರಿಶೋಧನೆ’ ಅಂದ ತಕ್ಷಣ ನಮಗೆ ನೆನಪಾಗುವುದು ಲೆಕ್ಕಪರಿಶೋಧನೆ, ಅವರಿಗೆ ಅದು ಸಂಶೋಧನೆ. ಇನ್ನು ‘ಶಿಕ್ಷಣ’. ನಮ್ಮ ‘ಶಿಕ್ಷಣ’ಕ್ಕೆ ಅವರು ‘ವಿದ್ಯ’ ಅನ್ನುತ್ತಾರೆ. ಅವರ ‘ಶಿಕ್ಷಣ’ ಅಂದರೆ ನಮ್ಮ ‘ತರಬೇತಿ’! ‘ಉಪಾಧ್ಯಾಯ ಶಿಕ್ಷಣ’ ಎಂದು ತೆಲುಗಿನಲ್ಲಿ ಬರೆದರೆ ಅದು ಶಿಕ್ಷಕರ ಟ್ರೈನಿಂಗ್. ಗಡಿಯ ಆಚೆ ಈಚೆ ಒಂದೇ ಕೆಲಸ ಮಾಡುವ ಎರಡು ಸಂಸ್ಥೆಗಳು. ಪದಗಳ ಬಳಕೆ ಮಾತ್ರ ಇಷ್ಟು ಬೇರೆ.

ಬೇರಿಗೆ ಹೋದರೆ ತೆಲುಗಿನವರ ಬಳಕೆಗೂ ಒಳ್ಳೆಯ ಆಧಾರವಿದೆ ಅನಿಸುತ್ತದೆ. ಸಂಸ್ಕೃತದ ‘ಶಿಕ್ಷ್’ ಧಾತು ಬಂದದ್ದು ‘ಶಕ್’ ಎಂಬುದರಿಂದ. ‘ಶಕ್ತಿ’ಯಲ್ಲಿ ಇರುವುದೂ ಅದೇ. ಅಂದರೆ ‘ನನಗೆ ಇದು ಮಾಡಲು ಬರಬೇಕು’ ಎಂದು ಆಸೆಪಡುವುದು ಶಿಕ್ಷಣದ ಮೊದಲ ಅರ್ಥ. ಆಸೆ ಕಲಿಯುವವನದು. ನನಗೆ ಇದು ತುಂಬ ಇಷ್ಟವಾಯಿತು.

ಹಾಗಾದರೆ ನಮ್ಮ ‘ತರಬೇತಿ’ ಎಲ್ಲಿಯದು? ಇದು ಹಿಂದೂಸ್ತಾನಿಯ ದಾರಿಯಲ್ಲಿ ಬಂದ ಅರಬ್ಬಿ ಪದ, ‘ತರಬಿಯತ್’. ಕನ್ನಡದಲ್ಲಿ ‘ತರಬೇತು’, ‘ತರಬೇತಿ’ ಎರಡೂ ಆಯಿತು. ನನಗೆ ಇಷ್ಟು ಮಾತ್ರ ಗೊತ್ತಿತ್ತು. ನಮ್ಮ ಪಕ್ಕದ ಉರ್ದು ಶಾಲೆಯ ಸರ್ ಒಬ್ಬರನ್ನು ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಮೇಡಂ, ಅದು ನಮ್ಮ ಮನೆಯಲ್ಲಿ ದಿನಾ ಕೇಳೋ ಮಾತು. ತರಬಿಯತ್ ಅಂದ್ರೆ ತಾಯಿ ಮಗೂನ ಬೆಳೆಸೋದು. ಹುಡುಗ ದೊಡ್ಡೋರಿಗೆ ಎದುರು ಮಾತಾಡಿದ್ರೆ, ಇವನ ತರಬಿಯತ್ ಸರಿಯಾಗಿಲ್ಲ ಅಂತಾರೆ. ಐದು ದಿನದ ಟ್ರೈನಿಂಗ್‌ಗೆ ನಾವು ಅದನ್ನ ಹೇಳಲ್ಲ.”

ಬೆಳೆಸುವುದು, ಸಾಕಿ ಸಲಹುವುದು. ಅರಬ್ಬಿಯಲ್ಲೂ ಅದರ ಬೇರಿಗೆ ‘ಬೆಳೆ, ಹೆಚ್ಚಾಗು’ ಎಂಬ ಅರ್ಥವೇ ಇದೆ. ಅಷ್ಟು ನಿಧಾನದ, ಅಷ್ಟು ಪ್ರೀತಿಯ ಪದ ನಮ್ಮಲ್ಲಿಗೆ ಬಂದು ಏನಾಯಿತು ಎಂದು ಯೋಚಿಸುತ್ತಾ ಮನೆಗೆ ಹೋದೆ.

ಪದದ ಅರ್ಥ ತಿಳಿಯಬೇಕಾದರೆ ಅದರ ಜೊತೆ ಬರುವ ಕ್ರಿಯಾಪದ ನೋಡಬೇಕು ಎಂದು ನನ್ನ ಗುರುಗಳು ಹೇಳುತ್ತಿದ್ದರು. ಬರವಣಿಗೆಯಲ್ಲಿ ‘ತರಬೇತಿ ಪಡೆ’, ‘ತರಬೇತಿ ನೀಡು’ ಎನ್ನುತ್ತೇವೆ. ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. “ನನ್ನ ಟ್ರೈನಿಂಗ್‌ಗೆ ಹಾಕವ್ರೆ.” “ಮೂರು ದಿನ ಟ್ರೈನಿಂಗ್ ಐತೆ.” “ಟ್ರೈನಿಂಗ್ ಮುಗೀತಾ?” ಈ ಮಾತುಗಳಲ್ಲಿ ‘ಹಾಕು’ ಎಂಬುದನ್ನು ಗಮನಿಸಿ. ಚುನಾವಣೆ ಕೆಲಸಕ್ಕೂ ನಮ್ಮನ್ನು ‘ಹಾಕುತ್ತಾರೆ’, ಗಣತಿಗೂ ‘ಹಾಕುತ್ತಾರೆ’. ಎಲ್ಲದಕ್ಕೂ ಅದೇ ಕ್ರಿಯಾಪದ. ಯಾರಾದರೂ “ನಾನು ಟ್ರೈನಿಂಗ್‌ಗೆ ಹೋಗಬೇಕು ಅಂತ ಕೇಳಿಕೊಂಡೆ” ಎಂದದ್ದನ್ನು ನಾನು ಕೇಳಿಲ್ಲ. ನೀವು ಕೇಳಿದ್ದೀರಾ?

ತಪ್ಪು ಶಿಕ್ಷಕರದು ಎಂದು ನಾನು ಹೇಳುವುದಿಲ್ಲ. ಕೆಲವು ವರ್ಷದ ಹಿಂದೆ ನಾನು ಕೂತಿದ್ದ ಒಂದು ತರಬೇತಿಯಲ್ಲಿ ಪರದೆಯ ಮೇಲೆ ಬಂದ ಸಾಲುಗಳನ್ನು ಸಂಪನ್ಮೂಲ ವ್ಯಕ್ತಿಗಳು ಓದಿದರು, ನಾವು ಬರೆದುಕೊಂಡೆವು. ಓದಿದವರೂ ನಮ್ಮಂಥ ಶಿಕ್ಷಕರೇ. ಅವರಿಗೆ ಜಿಲ್ಲೆಯಲ್ಲಿ ಹೇಳಿಕೊಟ್ಟಿದ್ದರು, ಜಿಲ್ಲೆಯವರಿಗೆ ಬೆಂಗಳೂರಿನಲ್ಲಿ. ತೆಲುಗು ಮನೆಮಾತಿನ ಮಗುವಿಗೆ ಕನ್ನಡದ ಒತ್ತಕ್ಷರ ಹೇಗೆ ಕಲಿಸುವುದು ಎಂದು ಪಾವಗಡದ ಗೆಳತಿ ಕೇಳಿದರು. ಅದಕ್ಕೆ ಆ ಹಾಳೆಗಳಲ್ಲಿ ಉತ್ತರ ಇರಲಿಲ್ಲ. ಓದುತ್ತಿದ್ದವರು ಪಾಪ ಏನು ಹೇಳಿಯಾರು?

ಹೀಗೆ ಮೇಲಿನವರು ಕೆಳಗಿನವರಿಗೆ ಹೇಳಿಕೊಡುತ್ತಾ ಬರುವುದಕ್ಕೆ ‘ಕ್ಯಾಸ್ಕೇಡ್ ಮಾದರಿ’ ಎಂದು ಹೆಸರು. ಕನ್ನಡದಲ್ಲಿ ಏನೆನ್ನುವುದು? ನಮ್ಮ ಸೀಮೆಯ ಕೆರೆಗಳ ಸಾಲು ನೆನಪಾಗುತ್ತದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ‘ಕೋಡಿ ತರಬೇತಿ’ ಅನ್ನಬಹುದಾ? ಕೆರೆಯ ಸಾಲಿನಲ್ಲಿ ಒಂದು ಒಳ್ಳೆಯ ವಿಷಯ ಇದೆ. ಪ್ರತಿ ಕೆರೆಗೂ ಅದರದೇ ಸುತ್ತಲಿನ ನೆಲದ ನೀರೂ ಬಂದು ಸೇರುತ್ತದೆ. 1986ರ ಶಿಕ್ಷಣ ನೀತಿಯಿಂದ ಜಿಲ್ಲೆಗಳಲ್ಲಿ ಡಯಟ್‌ಗಳು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು) ಹುಟ್ಟಿದಾಗ ಉದ್ದೇಶ ಅದೇ ಆಗಿತ್ತು ಅಲ್ವಾ? ಜಿಲ್ಲೆಯ ಪ್ರಶ್ನೆಗೆ ಜಿಲ್ಲೆಯಲ್ಲೇ ಉತ್ತರ ಹುಡುಕುವುದು. ನಮ್ಮ ಜಿಲ್ಲೆಗೆ ತುಮಕೂರಿನಲ್ಲಿ ಒಂದು, ಮಧುಗಿರಿಯಲ್ಲಿ ಒಂದು ಡಯಟ್ ಇವೆ. ಪಾವಗಡದ ಪ್ರಶ್ನೆಗೆ ಮಧುಗಿರಿಯಲ್ಲಿ ಉತ್ತರ ಸಿಗುವಷ್ಟು ಜನ, ಸಮಯ, ಅಧಿಕಾರ ಡಯಟ್‌ಗೆ ಕೊಡಿ ಎನ್ನುವುದೇ ನಮ್ಮ ಮನವಿಯ ಮುಖ್ಯ ಮಾತು.

‘ತರಬೇತಿ’ಗೆ ಬದಲು ಕನ್ನಡದ್ದೇ ಪದ ಇದೆಯಾ ಎಂದೂ ಹುಡುಕಿದೆ. ‘ಪಳಗು’ ಇದೆ. ‘ಪಳಗಿದ ಕೈ’ ಎಂದರೆ ಎಷ್ಟು ಗೌರವ! ಆದರೆ ‘ಪಳಗಿಸು’ ಎಂದ ಕೂಡಲೇ ಆನೆ, ಎತ್ತು ಕಣ್ಣಮುಂದೆ ಬರುತ್ತವೆ. ಶಿಕ್ಷಕರನ್ನು ಪಳಗಿಸುವುದು ಎಂದು ಬರೆಯಲಾರೆ. ತಾನಾಗಿ ಪಳಗುವುದು ಬೇರೆ, ಇನ್ನೊಬ್ಬರು ಪಳಗಿಸುವುದು ಬೇರೆ. ಒಂದು ‘ಇಸು’ ಸೇರಿದರೆ ಅರ್ಥ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿ. ‘ನುರಿ’ ಇದೆ, ಆದರೆ ‘ನುರಿತ’ ಎಂಬ ರೂಪ ಬಿಟ್ಟರೆ ಬಳಕೆ ಕಡಿಮೆ. ‘ಅಣಿಯಾಗು’ ಇದೆ. ಶಿಕ್ಷಕರಾಗಲು ಡಿ.ಎಲ್.ಇಡಿ. ಓದುವ ಹುಡುಗ ಹುಡುಗಿಯರಿಗೆ ಅದು ಹೊಂದುತ್ತದೆ, ಅವರು ಕೆಲಸಕ್ಕೆ ಅಣಿಯಾಗುವವರು. ಹದಿನೆಂಟು ವರ್ಷ ಪಾಠ ಮಾಡಿದ ನನ್ನಂಥವರಿಗೆ ಹೊಂದುವುದಿಲ್ಲ. ಸರ್ಕಾರಿ ಕಾಗದದಲ್ಲಿ ಇವಕ್ಕೆ ‘ಸೇವಾಪೂರ್ವ’, ‘ಸೇವಾನಿರತ’ ಎನ್ನುತ್ತಾರೆ. ಮೊದಲನೆಯದಕ್ಕೆ ‘ಅಣಿ’, ಎರಡನೆಯದಕ್ಕೆ ‘ಪಳಗುವಿಕೆ’ ಎಂದರೆ ಹೇಗೆ? ಕಿವಿಗೆ ಒಗ್ಗುತ್ತದಾ? ನನಗೆ ಇನ್ನೂ ಗಟ್ಟಿ ಇಲ್ಲ.

‘ಇಲಾಖೆ’ ಬಗ್ಗೆ ಬೇಗ ಹೇಳಿಬಿಡುತ್ತೇನೆ. ದೇಶದ ಮಟ್ಟದಲ್ಲಿ ಇದೇ ಬಗೆಯ ಕೆಲಸ ಮಾಡುವ ದೆಹಲಿಯ ಎನ್‌ಸಿಇಆರ್‌ಟಿ 1961ರಲ್ಲಿ ಶುರುವಾದದ್ದು, ಅದು ‘ಪರಿಷತ್ತು’. ಬೇರೆ ರಾಜ್ಯಗಳಲ್ಲೂ ಹೆಚ್ಚಾಗಿ ಇಂಗ್ಲಿಷಿನಲ್ಲಿ ‘ಕೌನ್ಸಿಲ್’ ಎಂದೇ ಹೆಸರು. 1975ರಲ್ಲಿ ಶುರುವಾದ ನಮ್ಮದು ‘ಇಲಾಖೆ’. ‘ಇಲಾಖೆ’ ಅರಬ್ಬಿಯ ‘ಅಲಾಕಾ’ದಿಂದ ಬಂತು. ಸಂಬಂಧ ಎಂಬುದು ಮೊದಲ ಅರ್ಥ. ಆಮೇಲೆ ಹಿಡಿತದಲ್ಲಿರುವ ಸೀಮೆ. ಹಿಂದಿ, ಉರ್ದುವಿನಲ್ಲಿ ಈಗಲೂ ‘ಇಲಾಕಾ’ ಅಂದರೆ ಪ್ರದೇಶ. ನಮ್ಮ ‘ತಾಲ್ಲೂಕು’ ಕೂಡ ಅದೇ ಬೇರಿನ ಕೂಸು. ‘ಪರಿಷತ್ತು’ ಎಂದರೆ ಸುತ್ತ ಕೂತವರು, ‘ಪರಿ’ ಅಂದರೆ ಸುತ್ತ, ‘ಸದ್’ ಅಂದರೆ ಕೂರು. ಇಲಾಖೆಯಿಂದ ಸುತ್ತೋಲೆ ಬರುತ್ತದೆ, ಪರಿಷತ್ತಿನಲ್ಲಿ ಸುತ್ತ ಕೂತು ಮಾತಾಡುತ್ತಾರೆ. ಪಠ್ಯಕ್ರಮದಂಥ ಕೆಲಸಕ್ಕೆ ನನಗೆ ಎರಡನೆಯದೇ ಸರಿ ಅನಿಸುತ್ತದೆ. ಸುಮ್ನೆ ಬೋರ್ಡು ಬದಲಾದರೆ ಪ್ರಯೋಜನ ಇಲ್ಲ ಎಂದು ನಮ್ಮ ಗುಂಪಿನ ಹಿರಿಯರೊಬ್ಬರು ಹೇಳುತ್ತಾರೆ. ಅದೂ ನಿಜವೇ. ಆ ಸುತ್ತಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಜಾಗ ಇರಬೇಕು ಎಂದು ಸೇರಿಸಿದ್ದೇವೆ.

ಇನ್ನು ‘ಸುಧಾರಣೆ’. ಈ ಪದಕ್ಕೆ ನಮ್ಮ ಕಡೆ ಎಷ್ಟು ಬಳಕೆ! ಏರು ಹತ್ತಿ ಬಂದವರಿಗೆ “ಸ್ವಲ್ಪ ಸುಧಾರಿಸ್ಕೊಳ್ಳಿ” ಎಂದು ನೀರು ಕೊಡುತ್ತೇವೆ. ಜ್ವರ ಬಿಟ್ಟರೆ “ಈಗ ಸುಧಾರಿಸಿದ್ದಾನೆ” ಎನ್ನುತ್ತೇವೆ. ಮದುವೆ ಮನೆಗೆ ಎಣಿಸಿದ್ದಕ್ಕಿಂತ ಜಾಸ್ತಿ ಜನ ಬಂದರೂ ಅಡುಗೆಯವರು “ಹೆಂಗೋ ಸುಧಾರಿಸಿದ್ರು”. ದಣಿವಾರಿಸಿಕೊಳ್ಳುವುದು, ಚೇತರಿಸಿಕೊಳ್ಳುವುದು, ನಿಭಾಯಿಸುವುದು. ಸರ್ಕಾರಿ ಕಾಗದದ ‘ಸುಧಾರಣೆ’ ಇವು ಮೂರೂ ಅಲ್ಲ. ‘ಇಲಾಖೆ ಸುಧಾರಿಸಬೇಕು’ ಎಂದರೆ ನಮ್ಮ ಊರಿನವರಿಗೆ ಅದಕ್ಕೆ ಹುಷಾರಿಲ್ಲ ಎಂದು ಕೇಳಿಸುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ರಾಜ್ಯ ಸಂಸ್ಥೆಗಳಿಗೂ ಡಯಟ್‌ಗಳಿಗೂ ಹೊಸ ಚೈತನ್ಯ ತುಂಬಬೇಕು ಎನ್ನುತ್ತದೆ. ಅದಕ್ಕೆ ‘ಪುನಶ್ಚೇತನ’ ಎನ್ನಬಹುದು. ಆದರೆ ಈ ಪದ ತುಂಬ ಸವೆದಿದೆ. ತರಬೇತಿಗಳ ಹೆಸರಿನಲ್ಲೂ ‘ಚೈತನ್ಯ’, ‘ಗುರುಚೇತನ’ ಬಂದು ಹೋದವು. ‘ಪುನರ್ರಚನೆ’ ಎಂದರೆ ಹುದ್ದೆಗಳನ್ನು ಆಚೀಚೆ ಇಟ್ಟಂತೆ ಕೇಳಿಸುತ್ತದೆ. ನಮ್ಮಲ್ಲಿ ಪ್ರತಿ ವಸ್ತುವಿಗೂ ಸರಿಮಾಡುವ ಮಾತು ಬೇರೆ ಬೇರೆ ಇದೆ. ಗುಡಿಗೆ ಜೀರ್ಣೋದ್ಧಾರ. ಸೂರಿಗೆ ದುರಸ್ತಿ. ಕೊಡಲಿಗೆ ಹದ. ಕೆರೆಗೆ ಹೂಳೆತ್ತುವುದು. ಕಲಿಸುವ ಸಂಸ್ಥೆಗೆ ಯಾವುದು?

‘ಪಠ್ಯಕ್ರಮ’ದ ಗೊಂದಲ ನಿಮಗೆಲ್ಲ ಗೊತ್ತಿರುವುದೇ. ಪಠ್ಯಕ್ರಮ, ಪಠ್ಯವಸ್ತು, ಪಠ್ಯಪುಸ್ತಕ ಮೂರನ್ನೂ ಒಂದೇ ಎಂಬಂತೆ ಬಳಸುತ್ತೇವೆ. ಮಕ್ಕಳ ತಂದೆತಾಯಿಗೆ ಪುಸ್ತಕವೇ ಎಲ್ಲ. ನಮಗೆ ‘ಪೋರ್ಷನ್’. ಪುಸ್ತಕ ಅಚ್ಚು ಮಾಡಿಸುವ ಪಠ್ಯಪುಸ್ತಕ ಸಂಘ ಬೇರೆಯೇ ಇದೆ ಎಂಬುದೂ ಎಷ್ಟೋ ಜನಕ್ಕೆ ತಿಳಿಯದು. 2017ರಲ್ಲಿ, ಮತ್ತೆ 2022ರಲ್ಲಿ ಪುಸ್ತಕಗಳ ಪರಿಷ್ಕರಣೆ ಆದಾಗ ರಾಜ್ಯದ ತುಂಬ ಯಾವ ಪಾಠ ಇರಬೇಕು, ಯಾವುದು ಬೇಡ ಎಂಬುದೇ ಮಾತು. ಮಗುವಿಗೆ ಯಾವ ವಯಸ್ಸಿನಲ್ಲಿ ಏನು ಬರಬೇಕು ಎಂಬ ‘ಕ್ರಮ’ದ ಮಾತು ಕಡಿಮೆ ಕೇಳಿಸಿತು. ಆ ಪದದಲ್ಲಿ ನನಗೆ ಬೇಕಾದದ್ದು ‘ಕ್ರಮ’ವೇ.

ಒಂದು ಒಳ್ಳೆಯ ಉದಾಹರಣೆಯನ್ನೂ ಹೇಳಬೇಕು. ‘ನಲಿ-ಕಲಿ’, ಚಿಕ್ಕ ತರಗತಿಯ ಮಕ್ಕಳು ನಲಿಯುತ್ತಾ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು ಕಟ್ಟಿದ್ದು. ರಿಷಿವ್ಯಾಲಿ ಇರುವುದು ಆಂಧ್ರದ ಮದನಪಲ್ಲಿ ಹತ್ತಿರ, ಚಿಂತಾಮಣಿ, ಶ್ರೀನಿವಾಸಪುರದವರಿಗೆ ಅದು ನೆರೆಯ ಸೀಮೆ. ಆ ಪದ್ಧತಿಯ ಮಾತುಗಳನ್ನು ನೋಡಿ: ಮೈಲಿಗಲ್ಲು, ಏಣಿ, ತಟ್ಟೆ (ಮಕ್ಕಳು ಕೂರುವ ಗುಂಪು), ಚಪ್ಪರ. ಒಂದನೇ ತರಗತಿ ಮಗುವೂ “ನಾನು ಎರಡನೇ ತಟ್ಟೆ” ಎನ್ನುತ್ತದೆ. ಯಾರಿಗೂ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕೆಲಸ ಮಾಡುವವರೇ ಕೂತು ಕಟ್ಟಿದ್ದಕ್ಕೆ ಮಾತು ಹೀಗೆ ಬಂತು ಎಂದು ನಾನು ನಂಬುತ್ತೇನೆ. ಅಕ್ಕಪಕ್ಕದ ಕೆಲವು ಶಾಲೆಗಳಿಗೆ ನೆರವಾಗುವವರಿಗೆ ಇಟ್ಟ ‘ಸಮೂಹ ಸಂಪನ್ಮೂಲ ವ್ಯಕ್ತಿ’ ಎಂಬ ಪದವನ್ನು ಯಾರೂ ಬಾಯಲ್ಲಿ ಆಡುವುದಿಲ್ಲ, ಎಲ್ಲರಿಗೂ ಅವರು ‘ಸಿಆರ್‌ಪಿ ಸರ್’.

ಹಾಗಾಗಿ ನಿಮ್ಮಲ್ಲಿ ಕೇಳುವುದು ಇಷ್ಟು. ‘ತರಬೇತಿ’ಯನ್ನು ಬೆಳೆಸುವುದು, ಸಲಹುವುದು ಎಂಬ ಅರ್ಥದಲ್ಲಿ ಹಳೆಯ ಕನ್ನಡ ಬರಹದಲ್ಲೋ, ಹಿರಿಯರ ಬಾಯಲ್ಲೋ ಯಾರಾದರೂ ಕಂಡಿದ್ದೀರಾ? ಧಾರವಾಡ, ಕಲಬುರಗಿ ಕಡೆ ಶಿಕ್ಷಕರು ಟ್ರೈನಿಂಗ್‌ಗೆ ‘ಹಾಕಿದ್ದಾರೆ’ ಎನ್ನುತ್ತಾರಾ, ಬೇರೆ ಮಾತು ಇದೆಯಾ? ಬಾಗೇಪಲ್ಲಿ, ಮುಳಬಾಗಿಲು ಕಡೆಯವರು ಮನೆಯ ತೆಲುಗಿನ ‘ಶಿಕ್ಷಣ’ವನ್ನೂ ಶಾಲೆಯ ಕನ್ನಡದ ‘ಶಿಕ್ಷಣ’ವನ್ನೂ ಹೇಗೆ ಬೇರೆ ಮಾಡಿಕೊಳ್ಳುತ್ತೀರಿ?

ವಿಷಯದ ಸಾಲನ್ನು ಹೊಡೆದುಹಾಕಿ ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಶಿಕ್ಷಕರು ತಮ್ಮ ಕೆಲಸದಲ್ಲಿ ಪಳಗಲು ನೆರವಾಗುವ ಪರಿಷತ್ತು ಬೇಕೆಂದು ಕೋರಿ.’ ‘ಪಳಗಲು’ ಎಂಬುದರ ಕೆಳಗೆ ಪೆನ್ಸಿಲ್ ಗೆರೆ ಎಳೆದಿಟ್ಟಿದ್ದೇನೆ. ಬರುವ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾವೆಲ್ಲ ಸೇರುತ್ತೇವೆ. ಅದಕ್ಕೆ ಮುಂಚೆ ನಿಮ್ಮ ಮಾತು ಬಂದರೆ ದೊಡ್ಡ ಉಪಕಾರ.