ಇಟಿಪಿ ಲೈನಿನ ಫ್ಲೋ ಮೀಟರ್ ರೀಡಿಂಗ್ ಒಂದೆಡೆ ನಿಲ್ಲುತ್ತಲೇ ಇಲ್ಲ, ಅನುಭವ ಇದ್ದವರು ಹೇಳಿ

ಪ್ರಶ್ನೆ: ಜೀನ್ಸ್ ವಾಷಿಂಗ್ ಘಟಕ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮದು ಜೀನ್ಸ್ ತೊಳೆಯುವ ಸಣ್ಣ ಘಟಕ. ಕೊಳಚೆ ನೀರನ್ನು ಕಲೆಕ್ಷನ್ ಟ್ಯಾಂಕಿನಿಂದ ಇಟಿಪಿಗೆ (ಕೊಳಚೆ ನೀರು ಶುದ್ಧೀಕರಿಸುವ ಘಟಕಕ್ಕೆ) ಕಳಿಸುವ ಲೈನಿಗೆ ಈಚೆಗೆ ಮ್ಯಾಗ್ನೆಟಿಕ್ ಫ್ಲೋ ಮೀಟರ್ ಹಾಕಿಸಿದೆವು. ಪೈಪ್ 4 ಇಂಚಿನ ಎಚ್‌ಡಿಪಿಇ (ಪ್ಲಾಸ್ಟಿಕ್), ಮೀಟರ್ 100 ಮಿ.ಮೀ., ಒಳಗೆ ಟೆಫ್ಲಾನ್ ಲೈನರ್ (ಒಳಹೊದಿಕೆ), ಎಲೆಕ್ಟ್ರೋಡ್ ಎಸ್‌ಎಸ್ 316 ಸ್ಟೀಲಿನದು. ಪಂಪಿಗೆ ಅದರ ವೇಗ ಬದಲಿಸುವ ವಿಎಫ್‌ಡಿ ಇದೆ. ಗಂಟೆಗೆ 9 ಘನ ಮೀಟರ್ ಆಸುಪಾಸು ಹರಿವು ಇರಬೇಕು ಅಂತ ನಮ್ಮ ಅಂದಾಜು. ಡಿಸ್‌ಪ್ಲೇ ಮಾತ್ರ 3ರಿಂದ 16ರವರೆಗೆ ಹಾರಾಡುತ್ತದೆ. ಪಂಪ್ ಆಫ್ ಮಾಡಿದರೂ 1, 2 ಅಂತ ತೋರಿಸುತ್ತಲೇ ಇರುತ್ತದೆ. ಇನ್ನೊಂದು ಸಮಸ್ಯೆ ಏನೆಂದರೆ, ಡಿಸ್‌ಪ್ಲೇಯಲ್ಲಿ 9 ಇದ್ದಾಗ ಪಿಎಲ್‌ಸಿ (ಘಟಕವನ್ನು ನಿಯಂತ್ರಿಸುವ ಕಂಪ್ಯೂಟರ್) ಪರದೆಯಲ್ಲಿ 15 ಬರುತ್ತದೆ. ಪೈಪ್ ಪಂಪಿನಿಂದ ಮೇಲೇರಿ, ಶೆಡ್ಡಿನ ಎತ್ತರದಲ್ಲಿ ಅಡ್ಡ ಹೋಗಿ, ಇಟಿಪಿ ಟ್ಯಾಂಕಿನೊಳಗೆ ಇಳಿಯುತ್ತದೆ. ಆ ಇಳಿಯುವ ಪೈಪಿನಲ್ಲಿ, ಕಣ್ಣಿಗೆ ಕಾಣುವ ಎತ್ತರಕ್ಕೆ ಮೀಟರ್ ಕೂರಿಸಿದ್ದಾರೆ. ಮಾರಿದವರು ಮೀಟರ್ ಸರಿಯಾಗಿದೆ ಎನ್ನುತ್ತಾರೆ. ಮಾಲೀಕರು ಬೇರೆ ಕಂಪನಿಯದು ತರಿಸೋಣ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಸಕ್ಕರೆ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗ, ಬಾಗಲಕೋಟೆ ಜಿಲ್ಲೆ

ಬೇರೆ ಮೀಟರ್ ತರಿಸುವ ಮಾತು ಈಗಲೇ ಬೇಡ. ಅದೇ ಜಾಗಕ್ಕೆ ಯಾವ ಕಂಪನಿಯದು ತಂದು ಹಾಕಿದರೂ ಹೀಗೇ ಆಗುತ್ತದೆ.

ನಿಮ್ಮ ಮೀಟರ್ ಕೂತಿರುವುದು ಕೆಳಗೆ ಇಳಿಯುವ ಪೈಪಿನಲ್ಲಿ, ಆ ಪೈಪಿನ ಬಾಯಿ ಗಾಳಿಗೆ ತೆರೆದಿದೆ. ಮ್ಯಾಗ್ನೆಟಿಕ್ ಮೀಟರ್ ಅಳೆಯುವುದು ನೀರಿನ ವೇಗವನ್ನು. ಅದರ ಕಾಯಿಲ್ ಹುಟ್ಟಿಸುವ ಕಾಂತಕ್ಷೇತ್ರದಲ್ಲಿ ನೀರು ಹರಿದಾಗ ಸಣ್ಣ ವೋಲ್ಟೇಜ್ ಹುಟ್ಟುತ್ತದೆ, ಅದನ್ನು ಒಳಗೋಡೆಯ ಎರಡು ಎಲೆಕ್ಟ್ರೋಡ್ ಹಿಡಿಯುತ್ತವೆ. ಪೈಪ್ ಪೂರ್ತಿ ತುಂಬಿದೆ ಅಂತ ನಂಬಿಕೊಂಡು, ಆ ವೇಗವನ್ನು ಪೈಪಿನ ಒಳಬಾಯಿಯ ವಿಸ್ತೀರ್ಣದಿಂದ ಗುಣಿಸಿ ಗಂಟೆಗೆ ಇಷ್ಟು ಅಂತ ತೋರಿಸುತ್ತದೆ. ಇಳಿಯುವ ಪೈಪಿನಲ್ಲಿ ನೀರು ಗೋಡೆಗೆ ಅಂಟಿಕೊಂಡು ಸುರಿಯುತ್ತದೆ, ನಡುವೆ ಗಾಳಿ ಇರುತ್ತದೆ. ಎಲೆಕ್ಟ್ರೋಡ್‌ಗೆ ಒಮ್ಮೆ ನೀರು ತಾಗುತ್ತದೆ, ಇನ್ನೊಮ್ಮೆ ಗಾಳಿ. ರೀಡಿಂಗ್ ಹಾರಾಡುವುದು ಅದಕ್ಕೇ. ಪಂಪ್ ನಿಂತ ಮೇಲೆ ಆ ಪೈಪ್ ಬರಿದಾಗಿ ಎಲೆಕ್ಟ್ರೋಡ್ ಒಣಗುತ್ತದೆ. ಆಗ ಸುತ್ತಮುತ್ತಲಿನ ವಿದ್ಯುತ್ ಗದ್ದಲವನ್ನೇ ಹಿಡಿದು 1, 2 ಅಂತ ತೋರಿಸುತ್ತದೆ. ಪೈಪ್ ತುಂಬಿಲ್ಲ ಅಂತ ಎಚ್ಚರಿಸುವ ಎಂಪ್ಟಿ ಪೈಪ್ ಅಲಾರಂ ಅನ್ನುವ ಸೆಟ್ಟಿಂಗ್ ಸಾಮಾನ್ಯವಾಗಿ ಇರುತ್ತದೆ, ಅದನ್ನು ಆನ್ ಮಾಡಿ ನೋಡಿ. ಅಲಾರಂ ಬಂದರೆ ಖಚಿತವಾಯಿತು.

ಮೀಟರನ್ನು ಪಂಪಿನಿಂದ ಮೇಲೇರುವ ಪೈಪಿಗೆ ತನ್ನಿ. ನೀರು ಕೆಳಗಿನಿಂದ ಮೇಲೆ ಹೋಗುವಾಗ ಪೈಪ್ ತುಂಬಿಯೇ ಇರುತ್ತದೆ, ಗಾಳಿ ತಾನಾಗಿ ಮೇಲೆ ಹೋಗುತ್ತದೆ, ಹೊಟ್ಟು ಮರಳು ಲೈನರ್ ಮೇಲೆ ಕೂರುವುದಿಲ್ಲ. ಮೀಟರಿಗೆ ಮೊದಲು ಕನಿಷ್ಠ 5 ವ್ಯಾಸದಷ್ಟು, ಅಂದರೆ ನಿಮ್ಮಲ್ಲಿ ಅರ್ಧ ಮೀಟರ್, ನೇರ ಪೈಪ್ ಇರಲಿ. ಪಂಪ್ ಅಥವಾ ವಾಲ್ವ್ ಹತ್ತಿರ ಇದ್ದರೆ 10 ವ್ಯಾಸ ಬಿಡಿ. ಮೀಟರ್ ಆದ ಮೇಲೆ 2, 3 ವ್ಯಾಸ ಸಾಕು. ಹರಿವು ಕಡಿಮೆ ಮಾಡುವ ವಾಲ್ವ್ ಮೀಟರ್ ದಾಟಿದ ಮೇಲೆ ಬರಲಿ. ಸಕ್ಷನ್ ಕಡೆ, ಅಂದರೆ ಪಂಪ್ ನೀರೆಳೆಯುವ ಕಡೆ, ಹಾಕುವ ಯೋಚನೆ ಮಾತ್ರ ಬೇಡ, ಅಲ್ಲಿ ವ್ಯಾಕ್ಯೂಮ್ ಆದರೆ ಟೆಫ್ಲಾನ್ ಲೈನರ್ ಒಳಕ್ಕೆ ಕುಸಿಯುತ್ತದೆ.

ಮೇಲೇರುವ ಕಡೆ ಜಾಗವೇ ಇಲ್ಲದಿದ್ದರೆ ಅಡ್ಡ ಪೈಪಿನಲ್ಲಿ ಯು ಆಕಾರದ ತಗ್ಗು ಮಾಡಿ, ತಗ್ಗಿನಲ್ಲಿ ಮೀಟರ್ ಕೂರಿಸಿ. ಆಗ ಎರಡು ಎಲೆಕ್ಟ್ರೋಡ್ ಎಡಕ್ಕೂ ಬಲಕ್ಕೂ ಬರಬೇಕು. ಒಂದು ಮೇಲೆ ಬಂದರೆ ಗಾಳಿಗುಳ್ಳೆ ಕೂರುತ್ತದೆ, ಕೆಳಗೆ ಬಂದರೆ ಕೆಸರು.

ಇನ್ನು ಸೈಜ್. ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ, ಪೈಪ್ ಎಷ್ಟಿದೆಯೋ ಅಷ್ಟೇ ಮೀಟರ್ ತರಿಸುತ್ತಾರೆ. ಲೆಕ್ಕ ಸುಲಭ. ಗಂಟೆಗೆ ಎಷ್ಟು ಘನ ಮೀಟರ್ ಅನ್ನುವುದನ್ನು 354ರಿಂದ ಗುಣಿಸಿ, ಮೀಟರಿನ ವ್ಯಾಸವನ್ನು ಮಿ.ಮೀ.ನಲ್ಲಿ ವರ್ಗ ಮಾಡಿ ಅದರಿಂದ ಭಾಗಿಸಿ. ಸೆಕೆಂಡಿಗೆ ಎಷ್ಟು ಮೀಟರ್ ವೇಗ ಅಂತ ಸಿಗುತ್ತದೆ. ನಿಮ್ಮ 9 ಘನ ಮೀಟರ್‌ಗೆ 100 ಮಿ.ಮೀ. ಮೀಟರಿನಲ್ಲಿ ವೇಗ ಬರೀ 0.32. ಮ್ಯಾಗ್ನೆಟಿಕ್ ಮೀಟರ್ ನೆಟ್ಟಗೆ ಕೆಲಸ ಮಾಡುವುದು ಸಾಮಾನ್ಯವಾಗಿ 0.3ರಿಂದ ಮೇಲೆ. ನೀವು ಅಂಚಿನಲ್ಲೇ ಇದ್ದೀರಿ. ವಿಎಫ್‌ಡಿ ಸ್ವಲ್ಪ ಇಳಿಸಿದರೆ ಅದಕ್ಕಿಂತಲೂ ಕೆಳಗೆ ಹೋಗುತ್ತೀರಿ. ಅದೇ 9 ಘನ ಮೀಟರ್ 50 ಮಿ.ಮೀ. ಮೀಟರಿನಲ್ಲಿ 1.27 ಮೀಟರ್ ವೇಗದಲ್ಲಿ ಓಡುತ್ತದೆ. ಅದು ಚೆನ್ನಾದ ವೇಗ: ಜೀನ್ಸಿನ ನೂಲುನಾರು ಅಂಟಿಕೊಳ್ಳುವುದಿಲ್ಲ, ಪ್ಯೂಮಿಸ್ ಕಲ್ಲಿನ ಪುಡಿ ಲೈನರನ್ನು ತೀರಾ ಸವೆಸುವುದೂ ಇಲ್ಲ. ಹಾಗಂತ ಈಗಲೇ 50ಕ್ಕೆ ದುಡ್ಡು ಹಾಕಬೇಡಿ. ಮೊದಲು ಇದೇ ಮೀಟರನ್ನು ಸರಿಯಾದ ಜಾಗಕ್ಕೆ ತಂದು ನೋಡಿ. ಮುಂದೆ ಬದಲಿಸುವ ಕಾಲ ಬಂದಾಗ ಎರಡೂ ಕಡೆ ನಿಧಾನವಾಗಿ ಕಿರಿದಾಗುವ ರೆಡ್ಯೂಸರ್ ಹಾಕಿ ಸಣ್ಣದನ್ನೇ ತನ್ನಿ.

ಬಿಚ್ಚುವಾಗ ಒಂದು ಎಚ್ಚರಿಕೆ. ಮೀಟರಿನ ತೂತಿನೊಳಗೆ ಹಗ್ಗ ಅಥವಾ ಕಬ್ಬಿಣದ ರಾಡ್ ತೂರಿಸಿ ಎತ್ತಲು ಯಾರನ್ನೂ ಬಿಡಬೇಡಿ. ಫ್ಲ್ಯಾಂಜಿನ (ಬೋಲ್ಟ್ ಹಾಕುವ ಅಂಚುಬಳೆಯ) ಮೇಲೆ ಮಡಚಿಕೊಂಡಿರುವ ಟೆಫ್ಲಾನ್ ಅಂಚು ಹರಿದರೆ ನೀರು ಕಾಯಿಲಿನ ಕಡೆ ಇಳಿದು ಮೀಟರ್ ಸತ್ತುಹೋಗುತ್ತದೆ. ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಸಿ. ಹತ್ತಿರ ವೆಲ್ಡಿಂಗ್ ಇದ್ದರೆ ಮೀಟರ್ ಜಾಗದಲ್ಲಿ ಅಷ್ಟೇ ಉದ್ದದ ಪೈಪ್ ತುಂಡು ಇಟ್ಟು ವೆಲ್ಡ್ ಮುಗಿಸಿ.

ಉತ್ತರ: ಎಲೆಕ್ಟ್ರಿಕಲ್ ಮತ್ತು ಇನ್‌ಸ್ಟ್ರುಮೆಂಟ್ ಗುತ್ತಿಗೆ ಕೆಲಸ, ನಂಜನಗೂಡು

ಜಾಗ ಬದಲಿಸಿದ ಮೇಲೂ ರೀಡಿಂಗ್ ಸ್ವಲ್ಪ ನಡುಗುತ್ತಿದ್ದರೆ ಅರ್ಥಿಂಗ್ ನೋಡಿ. ನಿಮ್ಮದು ಎಚ್‌ಡಿಪಿಇ ಪೈಪ್ ಅಲ್ವಾ? ನಾನಂತೂ ಮೊದಲೇ ನೋಡಿ ಎನ್ನುತ್ತೇನೆ.

ಈ ಮೀಟರ್ ಓದುವ ಸಿಗ್ನಲ್ ತೀರಾ ಚಿಕ್ಕದು, ಒಂದೆರಡು ಮಿಲಿವೋಲ್ಟ್, ಎಷ್ಟೋ ಸಲ ಅದಕ್ಕೂ ಕಡಿಮೆ. ಇದೇ ತತ್ವದ ಮೇಲೆ ವಿಜ್ಞಾನಿ ಮೈಕೆಲ್ ಫ್ಯಾರಡೆ 1832ರಲ್ಲಿ ಲಂಡನ್ನಿನ ವಾಟರ್‌ಲೂ ಸೇತುವೆಯಿಂದ ಥೇಮ್ಸ್ ನದಿಗೆ ತಂತಿ ಇಳಿಬಿಟ್ಟು ಹರಿವಿನಿಂದ ಹುಟ್ಟುವ ವೋಲ್ಟೇಜ್ ಅಳೆಯಲು ಹೋಗಿದ್ದ. ಅವನಿಗೂ ನಂಬುವಂಥ ಅಳತೆ ಸಿಗಲಿಲ್ಲ. ಇಷ್ಟು ಚಿಕ್ಕ ಸಿಗ್ನಲ್ ಅಳೆಯಬೇಕಾದರೆ ನೀರು ಮತ್ತು ಮೀಟರ್ ಒಂದೇ ವಿದ್ಯುತ್ ಮಟ್ಟದಲ್ಲಿರಬೇಕು. ಒಳಗೆ ಲೈನಿಂಗ್ ಇಲ್ಲದ ಕಬ್ಬಿಣದ ಪೈಪ್ ಆದರೆ ಪೈಪೇ ನೀರನ್ನು ಭೂಮಿಗೆ ಸೇರಿಸುತ್ತದೆ. ಪ್ಲಾಸ್ಟಿಕ್ ಪೈಪಿನಲ್ಲಿ ನೀರಿಗೆ ಭೂಮಿಯ ಸಂಪರ್ಕವೇ ಇಲ್ಲ. ಮೀಟರ್ ಬಾಡಿಗೆ ವೈರ್ ಕಟ್ಟಿದರೂ ನೀರಿಗೆ ಅದು ಮುಟ್ಟುವುದಿಲ್ಲ, ಯಾಕೆಂದರೆ ಒಳಗಡೆ ಟೆಫ್ಲಾನ್ ಇದೆ.

ಅದಕ್ಕೇ ಅರ್ಥಿಂಗ್ ರಿಂಗ್ ಬೇಕು. ಮೀಟರಿನ ಎರಡೂ ಕಡೆ ಫ್ಲ್ಯಾಂಜ್ ನಡುವೆ ಕೂರುವ ಲೋಹದ ಬಳೆ ಅದು. ಅದರ ಒಳಅಂಚು ನೀರಿಗೆ ತಾಗುತ್ತಿರಬೇಕು. ರಿಂಗಿನ ಎರಡೂ ಬದಿಗೆ ಗ್ಯಾಸ್ಕೆಟ್, ಆದರೆ ಗ್ಯಾಸ್ಕೆಟ್ ಪೈಪಿನೊಳಕ್ಕೆ ಚಾಚಬಾರದು. ಎರಡೂ ರಿಂಗಿನಿಂದ ತಾಮ್ರದ ವೈರ್ ತಂದು ಮೀಟರಿನ ಅರ್ಥ್ ಬೋಲ್ಟಿಗೆ ಸೇರಿಸಿ, ಅಲ್ಲಿಂದ ಅರ್ಥ್ ಪಿಟ್‌ಗೆ ಒಯ್ಯಿರಿ. ಪಿಟ್ 10 ಓಮ್‌ಗಿಂತ ಕಡಿಮೆ ಇರಲಿ. ಪಂಪ್ ಮೋಟಾರಿನ ಅರ್ಥ್ ಪಟ್ಟಿಗೆ ಇದನ್ನು ಕಟ್ಟಬೇಡಿ. ಸಿಗ್ನಲ್ ಕೇಬಲ್ ಶೀಲ್ಡ್ ಇರುವಂಥದ್ದೇ ಆಗಬೇಕು. ವಿಎಫ್‌ಡಿಯಿಂದ ಮೋಟಾರಿಗೆ ಹೋಗುವ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಎಳೆಯಬೇಡಿ.

ಮೀಟರ್ ಮೇಲೇರುವ ಪೈಪಿಗೆ ಬಂದ ಮೇಲೆ ಪಂಪ್ ನಿಲ್ಲಿಸಿ, ವಾಲ್ವ್ ಮುಚ್ಚಿ, ಪೈಪ್ ತುಂಬಿದ ನೀರು ಅಲ್ಲಾಡದೆ ನಿಲ್ಲಲಿ. ತೀರಾ ಕಡಿಮೆ ಹರಿವನ್ನು ಸೊನ್ನೆ ಅಂತಲೇ ತೋರಿಸುವ ಲೋ ಫ್ಲೋ ಕಟ್‌ಆಫ್ ಸೆಟ್ಟಿಂಗನ್ನು ಸ್ವಲ್ಪ ಹೊತ್ತು ಸೊನ್ನೆ ಮಾಡಿ ಡಿಸ್‌ಪ್ಲೇ ನೋಡಿ. ಆಮೇಲೆ ವಿಎಫ್‌ಡಿಯ ಮೇನ್ ಸ್ವಿಚ್ ಆಫ್ ಮಾಡಿ ಮತ್ತೆ ನೋಡಿ. ವಿಎಫ್‌ಡಿ ಆಫ್ ಆದ ಕೂಡಲೇ ಅಂಕಿ ತಣ್ಣಗಾದರೆ ತೊಂದರೆ ಕೇಬಲ್ ಇಲ್ಲವೇ ಅರ್ಥಿಂಗಿನದು. ಎರಡೂ ಸಲ ಸೊನ್ನೆಗೆ ಹತ್ತಿರ ನಿಂತಿದ್ದರೆ, ಆ ರೀಡಿಂಗನ್ನೇ ಸೊನ್ನೆಯಾಗಿಸುವ ಜ಼ೀರೋ ಸೆಟ್ ಮಾಡಿ, ಕಟ್‌ಆಫನ್ನು ಮೊದಲಿದ್ದಷ್ಟಕ್ಕೇ ತನ್ನಿ. ಅರೆ ತುಂಬಿದ ಪೈಪಿನಲ್ಲಿ ಜ಼ೀರೋ ಸೆಟ್ ಬಟನ್ ಒತ್ತುವವರನ್ನು ನೋಡಿದ್ದೇನೆ. ಆಮೇಲೆ ತಿಂಗಳುಗಟ್ಟಲೆ ಲೆಕ್ಕ ತಪ್ಪುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಉತ್ತರ: ಆಟೊಮೇಷನ್ ಕೆಲಸ, ಪೀಣ್ಯ

ಪಿಎಲ್‌ಸಿ ವಿಷಯ ಹೇಳುತ್ತೇನೆ. ಮೀಟರ್ ತನ್ನ ರೀಡಿಂಗನ್ನು 4ರಿಂದ 20 ಮಿಲಿಆಂಪಿಯರ್ ಕರೆಂಟಾಗಿ ಪಿಎಲ್‌ಸಿಗೆ ಕಳಿಸುತ್ತದೆ: 4 ಅಂದರೆ ಸೊನ್ನೆ, 20 ಅಂದರೆ ರೇಂಜಿನ ತುದಿ. 9 ಇದ್ದಾಗ 15 ಅಂದಿರಿ. 30ಕ್ಕೂ 50ಕ್ಕೂ ಇರುವ ಅನುಪಾತವೇ 9ಕ್ಕೂ 15ಕ್ಕೂ ಇದೆ. ಬಹುಶಃ ಮೀಟರಿನಲ್ಲಿ 20 ಮಿಲಿಆಂಪಿಯರ್ ಅಂದರೆ 30 ಘನ ಮೀಟರ್ ಅಂತ ಸೆಟ್ ಆಗಿದೆ, ಪಿಎಲ್‌ಸಿಯಲ್ಲಿ 50 ಅಂತ ಬರೆದಿದ್ದಾರೆ. ಎರಡೂ ಕಡೆ ರೇಂಜ್ ತೆರೆದು ನೋಡಿ. ಮೀಟರಿನ ಮೆನುವಿನಲ್ಲೇ 12 ಮಿಲಿಆಂಪಿಯರ್ ಕಳಿಸುವ ಟೆಸ್ಟ್ ಇರುತ್ತದೆ. ಅದನ್ನು ಕಳಿಸಿದಾಗ ಪಿಎಲ್‌ಸಿಯಲ್ಲಿ ರೇಂಜಿನ ಸರಿಯಾಗಿ ಅರ್ಧ ಬರಬೇಕು.

ದಿನದ ಒಟ್ಟು ಲೆಕ್ಕವನ್ನು ಮೀಟರಿನ ಟೋಟಲೈಸರಿನಿಂದಲೇ ಬರೆದುಕೊಳ್ಳಿ. ಪಿಎಲ್‌ಸಿ ಕೂಡಿಸಿದ ಲೆಕ್ಕ ಕರೆಂಟ್ ಹೋದಾಗೆಲ್ಲ ತಪ್ಪಿಹೋಗುತ್ತದೆ.

ಉತ್ತರ: ಕೆಮಿಕಲ್ ಪ್ಲಾಂಟ್ ಮೆಂಟೆನೆನ್ಸ್, ಬೈಕಂಪಾಡಿ

ಜೀನ್ಸಿನ ಬಣ್ಣ ತಿಳಿಯಾಗಿಸಲು ಹೈಪೋಕ್ಲೋರೈಟ್ ಬಳಸುತ್ತೀರಿ ಅಲ್ವಾ? ಹಾಗಿದ್ದರೆ ಎಸ್‌ಎಸ್ 316 ಎಲೆಕ್ಟ್ರೋಡ್ ಜಾಸ್ತಿ ಕಾಲ ಬಾಳುವುದಿಲ್ಲ. ಕ್ಲೋರಿನ್ ಮತ್ತು ಉಪ್ಪು ಸೇರಿದ ನೀರು ಅದರಲ್ಲಿ ಸೂಜಿಮೊನೆಯಂಥ ಗುಂಡಿ ತೋಡುತ್ತದೆ. ಎಲೆಕ್ಟ್ರೋಡ್ ಪಕ್ಕದಲ್ಲೇ ಸೋರಿಕೆ ಶುರುವಾಗುತ್ತದೆ. ಮುಂದಿನ ಸಲ ಹ್ಯಾಸ್ಟೆಲಾಯ್ ಸಿ (ನಿಕ್ಕಲ್ ಮಿಶ್ರಲೋಹ) ಕೇಳಿ. ಅರ್ಥಿಂಗ್ ರಿಂಗ್ ಕೂಡ ಅದರದೇ ಇರಲಿ, ಎಲೆಕ್ಟ್ರೋಡ್ ಒಳ್ಳೆಯದು ಹಾಕಿ ರಿಂಗ್ ಸಾದಾ ಸ್ಟೀಲಿನದು ಹಾಕಿದರೆ ರಿಂಗ್ ಮೊದಲು ತಿಂದುಹೋಗುತ್ತದೆ.

ಸುಣ್ಣ, ಆಲಂ, ಆಸಿಡ್ ಏನೇ ಹಾಕುವುದಿದ್ದರೂ ಮೀಟರ್ ದಾಟಿದ ಮೇಲೆ ಹಾಕಿ. ಮೊದಲೇ ಹಾಕಿದರೆ ಸರಿಯಾಗಿ ಬೆರೆಯದ ನೀರು ಎಲೆಕ್ಟ್ರೋಡ್ ಮುಂದೆ ಹಾದುಹೋಗಿ ರೀಡಿಂಗ್ ಏರಿಳಿಯುತ್ತದೆ. ಎಲೆಕ್ಟ್ರೋಡ್ ಮೇಲೆ ಬಣ್ಣದ ಪದರ ಕೂತರೆ ಮೆತ್ತನೆಯ ಬಟ್ಟೆ, ಸೋಪಿನ ನೀರು ಸಾಕು. ವೈರ್ ಬ್ರಷ್ ಮುಟ್ಟಿಸಬೇಡಿ.

ಉತ್ತರ: ಡಿಸಲಿನೇಷನ್ ಪ್ಲಾಂಟ್, ಒಮಾನ್ (ಊರು ಉಡುಪಿ)

ನಿಮ್ಮ ನೀರಿಗೆ ಮ್ಯಾಗ್ನೆಟಿಕ್ ಮೀಟರೇ ಸರಿ, ಆಯ್ಕೆಯ ಬಗ್ಗೆ ಅನುಮಾನ ಬೇಡ. ಓದುವವರಲ್ಲಿ ಬಾಯ್ಲರ್ ಇರುವವರಿಗಾಗಿ ಒಂದು ಮಾತು: ಕಂಡೆನ್ಸೇಟ್ (ಹಬೆ ತಣಿದು ಬಂದ ನೀರು) ಅಥವಾ ಡಿಎಂ (ಲವಣ ತೆಗೆದ) ನೀರಿಗೆ ಇದನ್ನು ತರಿಸಬೇಡಿ. ಸಾಮಾನ್ಯ ಮ್ಯಾಗ್ನೆಟಿಕ್ ಮೀಟರಿಗೆ ನೀರಿನ ಕಂಡಕ್ಟಿವಿಟಿ (ವಿದ್ಯುತ್ ಹರಿಸುವ ಗುಣ) ಸೆಂ.ಮೀ.ಗೆ 5 ಮೈಕ್ರೋಸೀಮೆನ್ಸ್ ಆದರೂ ಬೇಕು. ಅಷ್ಟು ಶುದ್ಧವಾದ ನೀರಿನಲ್ಲಿ ಅದು ಇರುವುದಿಲ್ಲ. ಎಣ್ಣೆ, ಡೀಸೆಲ್‌ಗೂ ಇದು ಆಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ತುಂಬಾ ಉಪಕಾರವಾಯಿತು. ಎಂಪ್ಟಿ ಪೈಪ್ ಆನ್ ಮಾಡಿದ ತಕ್ಷಣ ಅಲಾರಂ ಬಂತು. ಮೀಟರನ್ನು ಮೇಲೇರುವ ಪೈಪಿಗೆ ತಂದೆವು, ಎರಡು ರಿಂಗ್ ಹಾಕಿದೆವು. ಈಗ 8.7ರಿಂದ 9.2ರ ನಡುವೆ ನಿಂತಿದೆ. ಪಿಎಲ್‌ಸಿಯಲ್ಲಿ 50 ಅಂತಲೇ ಇತ್ತು, 30 ಮಾಡಿದೆವು. ಇನ್ನೆರಡು ಪ್ರಶ್ನೆ. ಈ 9 ನಿಜವಾದ 9 ಹೌದೋ ಅಲ್ಲವೋ ಅಂತ ನಾವೇ ನೋಡುವುದು ಹೇಗೆ? ಶುದ್ಧವಾದ ನೀರು ಹೊರಗೆ ಕಾಲುವೆಯಲ್ಲಿ ತಾನಾಗಿ ಹರಿದುಹೋಗುತ್ತದೆ, ಪೈಪ್ ತುಂಬುವುದೇ ಇಲ್ಲ. ಅಲ್ಲಿ ಏನು ಹಾಕಲಿ?

ಉತ್ತರ: ಸಕ್ಕರೆ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗ, ಬಾಗಲಕೋಟೆ ಜಿಲ್ಲೆ

ಓದಿ ಖುಷಿಯಾಯಿತು. ಮೊದಲನೆಯದಕ್ಕೆ ನಿಮ್ಮ ಕಲೆಕ್ಷನ್ ಟ್ಯಾಂಕೇ ಸಾಕು. ಉದ್ದ ಅಗಲ ಟೇಪ್ ಹಿಡಿದು ಅಳೆಯಿರಿ. 5 ಮೀಟರ್ ಉದ್ದ, 4 ಮೀಟರ್ ಅಗಲ ಅಂದುಕೊಳ್ಳಿ. ಒಳಗೆ ಬರುವ ನೀರು ನಿಲ್ಲಿಸಿ 20 ನಿಮಿಷ ಪಂಪ್ ಓಡಿಸಿ. ಗಂಟೆಗೆ 9 ಆದರೆ 20 ನಿಮಿಷಕ್ಕೆ 3 ಘನ ಮೀಟರ್, ಅಂದರೆ ಮಟ್ಟ 15 ಸೆಂ.ಮೀ. ಇಳಿಯಬೇಕು. ಅಳತೆಯಲ್ಲಿ ಅರ್ಧ ಸೆಂ.ಮೀ. ತಪ್ಪಿದರೂ ಶೇ. 3ರಷ್ಟು ವ್ಯತ್ಯಾಸ ಬರುತ್ತದೆ, ಹಾಗಾಗಿ ಜಾಸ್ತಿ ಹೊತ್ತು ಓಡಿಸಿದಷ್ಟೂ ಒಳ್ಳೆಯದು. ಸರ್ಟಿಫಿಕೇಟ್ ಬೇಕಾದಾಗ ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ. ಕೇರಳದ ಪಾಲಕ್ಕಾಡಿನಲ್ಲಿ ಫ್ಲೂಯಿಡ್ ಕಂಟ್ರೋಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ, ಇದೇ ಕೆಲಸಕ್ಕಿರುವ ಕೇಂದ್ರ ಸರ್ಕಾರದ ಸಂಸ್ಥೆ. ಕಳಿಸುವಾಗ ಸೆನ್ಸರ್ ಜೊತೆ ಅದರ ಟ್ರಾನ್ಸ್‌ಮಿಟರನ್ನೂ (ಸಿಗ್ನಲ್ ಓದಿ ಅಂಕಿ ತೋರಿಸುವ ಭಾಗ) ಕಳಿಸಿ. ಒಂದೊಂದು ಸೆನ್ಸರಿಗೂ ಅದರದೇ ಕ್ಯಾಲಿಬ್ರೇಷನ್ ಫ್ಯಾಕ್ಟರ್ ಇರುತ್ತದೆ, ನೇಮ್‌ಪ್ಲೇಟಿನ ಮೇಲೆ ಬರೆದಿರುತ್ತದೆ. ಬೇರೆ ಟ್ರಾನ್ಸ್‌ಮಿಟರ್ ಜೋಡಿಸಿ ಆ ಅಂಕಿ ಹಾಕದೆ ಬಿಟ್ಟರೆ ರೀಡಿಂಗ್ ಸ್ಥಿರವಾಗಿ ನಿಲ್ಲುತ್ತದೆ, ಆದರೆ ತಪ್ಪಾಗಿರುತ್ತದೆ.

ಕಾಲುವೆಗೆ 90 ಡಿಗ್ರಿಯ ವಿ ನಾಚ್ (ವಿ ಆಕಾರದ ಕಚ್ಚು ಇರುವ) ತಗಡು ಹಾಕಿ, ಮೇಲೆ ಅಲ್ಟ್ರಾಸಾನಿಕ್ ಲೆವೆಲ್ ಸೆನ್ಸರ್ ಕೂರಿಸಿ. ನಾಚಿನ ಕೆಳತುದಿಯಿಂದ ನೀರಿನ ಎತ್ತರ 8 ಸೆಂ.ಮೀ. ಇದ್ದರೆ ಗಂಟೆಗೆ ಸುಮಾರು 9 ಘನ ಮೀಟರ್. 9 ಸೆಂ.ಮೀ. ಆದರೆ ಸುಮಾರು 12! ಒಂದೇ ಸೆಂ.ಮೀ.ಗೆ ಮೂರನೇ ಒಂದು ಭಾಗ ಜಾಸ್ತಿ. ಅದಕ್ಕೇ ಸೆನ್ಸರಿನ ಸೊನ್ನೆಯನ್ನು ನಾಚಿನ ಕೆಳತುದಿಗೆ ಸರಿಯಾಗಿ ಹೊಂದಿಸಬೇಕು. ನೀರು ನಾಚ್ ಹತ್ತಿರ ಬರುತ್ತಾ ತಗ್ಗುತ್ತದೆ, ಆದ್ದರಿಂದ ಎತ್ತರ ಅಳೆಯುವ ಜಾಗ ನಾಚಿಗಿಂತ ಹಿಂದೆ, ಆ ಎತ್ತರದ ನಾಲ್ಕು ಪಟ್ಟು ದೂರದಲ್ಲಿರಲಿ. ನಾಚ್ ದಾಟಿದ ನೀರು ಕೆಳಗೆ ಬಿಡಿಯಾಗಿ ಬೀಳಬೇಕು, ಮುಂದಿನ ಕಾಲುವೆಯ ನೀರು ಹಿಂದಕ್ಕೆ ಒತ್ತಬಾರದು.

ನಿಮ್ಮಲ್ಲಿ ನೂಲುನಾರು ಜಾಸ್ತಿ. ಒಂದು ಎಳೆ ನಾಚಿನ ಮೂಲೆಗೆ ಸಿಕ್ಕಿಕೊಂಡರೂ ನೀರಿನ ಮಟ್ಟ ಏರಿ, ಹರಿಯದ ನೀರನ್ನೂ ಮೀಟರ್ ಲೆಕ್ಕಕ್ಕೆ ಹಿಡಿಯುತ್ತದೆ. ಪ್ರತಿ ಶಿಫ್ಟಿನ ಆರಂಭದಲ್ಲಿ ಅದನ್ನು ಕೈಯಿಂದ ಸವರಿ ತೆಗೆಯುವ ಕೆಲಸವನ್ನು ಒಬ್ಬರಿಗೆ ಹೆಸರು ಹಿಡಿದು ವಹಿಸಿ.