ಕಾಟನ್ ಏರ್ ಫಿಲ್ಟರ್ ತೊಳೆಸಿದ ಮೇಲೆ ಪಿಕಪ್ ಇಲ್ಲ, ಚೆಕ್ ಲೈಟ್ ಬಂದಿದೆ (1.3 ಡೀಸೆಲ್, ಚಿತ್ರದುರ್ಗ)

ಪ್ರಶ್ನೆ – ಚಿತ್ರದುರ್ಗದಿಂದ

ಎಲ್ಲರಿಗೂ ನಮಸ್ಕಾರ. ನನ್ನದು 1.3 ಟರ್ಬೊ ಡೀಸೆಲ್ ಹ್ಯಾಚ್‌ಬ್ಯಾಕ್. ಕಂಪನಿಯ ಪೇಪರ್ ಫಿಲ್ಟರ್ ತೆಗೆಸಿ, ತೊಳೆದು ಮತ್ತೆ ಹಾಕುವಂಥ ಕಾಟನ್ ಫಿಲ್ಟರ್ ಹಾಕಿಸಿದ್ದೆ. ಚೆನ್ನಾಗೇ ಓಡುತ್ತಿತ್ತು. ಯುಗಾದಿಗೆ ಮುಂಚೆ ಅದನ್ನು ಒಂದು ಅಂಗಡಿಯಲ್ಲಿ ತೊಳೆಸಿದೆ, ಎಣ್ಣೆಯನ್ನೂ ಅವರೇ ಹಚ್ಚಿ ಕೊಟ್ಟರು. ಆಮೇಲೆ 2500 ಆರ್‌ಪಿಎಂ ದಾಟಿದರೆ ಗಾಡಿ ಎಳೆಯುವುದೇ ಇಲ್ಲ. ಹೈವೇಯಲ್ಲಿ ಲಾರಿ ಓವರ್‌ಟೇಕ್ ಮಾಡಲು ಭಯ. ಸ್ಕ್ಯಾನರ್ ಹಾಕಿದರೆ ಪಿ0101 ಅಂತ ಬಂತು. ಗ್ಯಾರೇಜ್‌ನವರು ಟರ್ಬೊ ಹೋಗಿದೆ, ಬಿಚ್ಚಬೇಕು ಅಂತಾರೆ. ದಿನಾ ಭೀಮಸಮುದ್ರದ ಕಡೆ ಓಡಾಟ, ಅದಿರು ಲಾರಿಗಳ ಧೂಳು ಜಾಸ್ತಿ. ಬಿಚ್ಚಿಸಲಾ?

ಉತ್ತರ – ದಾವಣಗೆರೆಯಿಂದ

ಈಗಲೇ ಬಿಚ್ಚಿಸಬೇಡಿ ಸರ್. ಮೊದಲು ಒಂದು ಹೇಳಿ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಹಿಂದೆ ಕಪ್ಪು ಹೊಗೆ ಬರುತ್ತಾ? ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಫ್ಯಾನ್) ಕಡೆಯಿಂದ ಶಿಳ್ಳೆ ಸದ್ದು ಇದೆಯಾ?

ಪ್ರಶ್ನೆ ಕೇಳಿದವರು

ಹೊಗೆ ಇಲ್ಲ ಸರ್. ಸದ್ದೂ ಮೊದಲಿನ ಹಾಗೇ ಇದೆ.

ಉತ್ತರ – ದಾವಣಗೆರೆಯಿಂದ

ಹಾಗಾದರೆ ನನ್ನ ಅನುಮಾನ ಎಂಎಎಫ್ (ಮಾಸ್ ಏರ್ ಫ್ಲೋ) ಸೆನ್ಸರ್ ಮೇಲೆ. ಪಿ0101 ಕೋಡ್ ಕೂಡ ಅದರದ್ದೇ. ಅದು ಫಿಲ್ಟರ್ ಬಾಕ್ಸ್ ದಾಟಿದ ತಕ್ಷಣ ಪೈಪಿನಲ್ಲಿ ಕೂತಿರುತ್ತದೆ. ಇಂಜಿನ್ ಎಷ್ಟು ಗಾಳಿ ಎಳೆಯುತ್ತಿದೆ ಅಂತ ಅಳೆಯುವುದು ಅದರ ಕೆಲಸ. ಒಳಗೆ ಕಾಯಿಸಿದ ಒಂದು ಸಣ್ಣ ತಂತಿ ಅಥವಾ ತೆಳು ಪದರ ಇರುತ್ತದೆ. ಹಾದು ಹೋಗುವ ಗಾಳಿ ಅದನ್ನು ಎಷ್ಟು ತಣ್ಣಗೆ ಮಾಡುತ್ತದೆ ಎಂಬುದರ ಮೇಲೆ ಲೆಕ್ಕ. ಫಿಲ್ಟರ್‌ಗೆ ಎಣ್ಣೆ ಜಾಸ್ತಿ ಹಚ್ಚಿದರೆ ಅದರ ಹನಿ ಹೋಗಿ ಅಲ್ಲಿ ಅಂಟುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ಆಗ ಸೆನ್ಸರ್ ಗಾಳಿಯನ್ನು ಕಡಿಮೆ ತೋರಿಸುತ್ತದೆ. ಗಾಳಿ ಕಡಿಮೆ ಎಂದುಕೊಂಡು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಡೀಸೆಲ್ ಕಡಿತ ಮಾಡುತ್ತದೆ. ಅದಕ್ಕೇ ಹೊಗೆ ಇಲ್ಲ, ಎಳೆತವೂ ಇಲ್ಲ. ಟರ್ಬೊದಿಂದ ಇಂಜಿನ್ನಿಗೆ ಹೋಗುವ ಪೈಪು ಒಡೆದಿದ್ದರೆ ಸಾಮಾನ್ಯವಾಗಿ ಕಪ್ಪು ಹೊಗೆ ಬರುತ್ತದೆ.

ನೋಡುವುದು ಸುಲಭ. ಗಾಡಿ ಆಫ್ ಮಾಡಿ ಸೆನ್ಸರ್ ಪ್ಲಗ್ ತೆಗೆಯಿರಿ, ಸ್ವಲ್ಪ ದೂರ ಓಡಿಸಿ. ಲೈಟ್ ಉರಿಯುತ್ತಲೇ ಇರುತ್ತದೆ, ಪರವಾಗಿಲ್ಲ. ಪಿಕಪ್ ವಾಪಸ್ ಬಂದ ಹಾಗೆ ಅನ್ನಿಸಿದರೆ ತಪ್ಪು ಸೆನ್ಸರ್‌ನದೇ. ಆಗ ಎಂಎಎಫ್ ಕ್ಲೀನರ್ ಸ್ಪ್ರೇ ತಂದು ದೂರದಿಂದ ಹೊಡೆಯಿರಿ. ಕಾರ್ಬ್ (ಕಾರ್ಬ್ಯುರೇಟರ್) ಕ್ಲೀನರ್ ಬೇಡ. ಬೆರಳು, ಬಟ್ಟೆ, ಹತ್ತಿ ಏನೂ ತಾಗಿಸಬೇಡಿ. ಪೂರ್ತಿ ಒಣಗಿದ ಮೇಲೇ ಪ್ಲಗ್ ಹಾಕಿ.

ಇನ್ನೊಂದು ಕೆಲಸ ಇದಕ್ಕಿಂತ ಮುಖ್ಯ. ಫಿಲ್ಟರ್ ಬಾಕ್ಸ್‌ನಿಂದ ಟರ್ಬೊಗೆ ಹೋಗುವ ಪೈಪನ್ನು ಬಿಚ್ಚಿ, ಒಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಸ್ವಲ್ಪ ಎಣ್ಣೆ ಪಸೆ ಇದ್ದರೆ ಹೆದರಬೇಡಿ. ಕೆಂಪು ಮಣ್ಣು ಬಂದರೆ ಮಾತ್ರ ತಕ್ಷಣ ಹೇಳಿ.

ಇನ್ನೊಬ್ಬರು – ದಾವಣಗೆರೆ, ಪೆಟ್ರೋಲ್ ಕಾರು

ನಾನೂ ಕಾಟನ್ ಫಿಲ್ಟರೇ ಹಾಕಿದ್ದೇನೆ. ಬೆಂಗಳೂರು ಹೈವೇ ಬಿಟ್ಟರೆ ಬೇರೆ ಕಡೆ ಹೋಗಲ್ಲ. ಏನೂ ತೊಂದರೆ ಇಲ್ಲ, ಪಿಕಪ್, ಮೈಲೇಜ್ ಎರಡೂ ಜಾಸ್ತಿಯಾಗಿದೆ. ಫಿಲ್ಟರ್ ಮೇಲೆ ಸುಮ್ನೆ ತಪ್ಪು ಹೊರಿಸಬಾರದು ಅಲ್ವಾ?

ಉತ್ತರ – ದಾವಣಗೆರೆಯಿಂದ

ಅಣ್ಣ, ನಿಮ್ಮ ಓಡಾಟಕ್ಕೆ ಅದು ನಡೆಯಬಹುದು. ಸರಿಯಾಗಿ ಎಣ್ಣೆ ಹಚ್ಚಿದ ಫಿಲ್ಟರ್‌ನಿಂದ ಸೆನ್ಸರ್ ಹಾಳಾಗಲೇಬೇಕು ಅಂತಲೂ ಇಲ್ಲ. ಆದರೆ ಮೈಲೇಜ್ ಮಾತು ನಾನು ಒಪ್ಪಲ್ಲ. ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿಯನ್ನು ತಡೆಯುವುದೇ ಥ್ರಾಟಲ್, ಅಂದರೆ ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಬಾಗಿಲು. ಅರ್ಧ ಮುಚ್ಚಿದ ಥ್ರಾಟಲ್ ಮುಂದೆ ಫಿಲ್ಟರ್ ಸರಾಗ ಇದ್ದರೇನು, ಬಿಟ್ಟರೇನು? ಎಷ್ಟು ಗಾಳಿ ಬಂತೋ ಅಷ್ಟಕ್ಕೆ ತಕ್ಕ ಪೆಟ್ರೋಲನ್ನೇ ಇಸಿಯು ಕೊಡುತ್ತದೆ. 2009ರಲ್ಲಿ ಅಮೆರಿಕದ ಓಕ್ ರಿಡ್ಜ್ ನ್ಯಾಷನಲ್ ಲ್ಯಾಬೊರೇಟರಿ ಇದನ್ನೇ ಪರೀಕ್ಷೆ ಮಾಡಿತ್ತು. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ, ಪಿಕಪ್ ಮಾತ್ರ ಕಡಿಮೆಯಾಯಿತು. ಕಟ್ಟಿಕೊಂಡ ಪೇಪರ್ ಫಿಲ್ಟರ್ ತೆಗೆದು ಹೊಸ ಪೇಪರ್ ಫಿಲ್ಟರನ್ನೇ ಹಾಕಿದ್ದರೂ ನಿಮಗೆ ಅದೇ ಖುಷಿ ಸಿಗುತ್ತಿತ್ತು.

ನನಗೆ ಚಿಂತೆ ಧೂಳಿನದು. ಕಾಟನ್ ಫಿಲ್ಟರ್ ಸಾಮಾನ್ಯವಾಗಿ ಪೇಪರ್‌ನಷ್ಟು ಧೂಳು ಹಿಡಿಯಲ್ಲ. 100 ಗ್ರಾಂ ಧೂಳು ಬಂದರೆ 99 ಗ್ರಾಂ ಹಿಡಿಯುವ ಫಿಲ್ಟರ್ 1 ಗ್ರಾಂ ಒಳಗೆ ಬಿಡುತ್ತದೆ. 97 ಹಿಡಿಯುವುದು 3 ಗ್ರಾಂ ಬಿಡುತ್ತದೆ. ಕೇಳಲು ಎರಡೇ ಗ್ರಾಂ ವ್ಯತ್ಯಾಸ, ಇಂಜಿನ್ನಿಗೆ ಮೂರು ಪಟ್ಟು ಮಣ್ಣು. 1.3 ಲೀಟರ್ ಇಂಜಿನ್ 2000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 1300 ಲೀಟರ್ ಗಾಳಿ ಎಳೆಯಬಲ್ಲದು. ಟರ್ಬೊ ಕೆಲಸ ಮಾಡುವಾಗ ಇನ್ನೂ ಜಾಸ್ತಿ. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಪುಡಿ ಬೋರ್‌ನ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಕಬ್ಬಿಣಕ್ಕಿಂತ ಗಟ್ಟಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೇ ಆಯಿಲ್ ಪದರದೊಳಗೆ ಸೇರಿ ರಿಂಗ್, ಬೋರ್, ಬೇರಿಂಗ್ ಸವೆಸುತ್ತವೆ. ನಮ್ಮ ದಾವಣಗೆರೆಯ ರೈಸ್‌ಮಿಲ್, ಮಂಡಕ್ಕಿ ಭಟ್ಟಿ ಕಡೆ ಹಾರುವ ಹೊಟ್ಟಿನ ಬೂದಿಯಲ್ಲೂ ಬಹುಪಾಲು ಇರುವುದು ಸಿಲಿಕಾ, ಬೆಣಚುಕಲ್ಲಿನಲ್ಲಿ ಇರುವುದೂ ಅದೇ. ಜಗಳೂರು, ಹೊಳಲ್ಕೆರೆ ಕಡೆ ಬೇಸಿಗೆ ಗಾಳಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಇಂಥ ಊರಿನಲ್ಲಿ ಕಂಪನಿ ಪೇಪರ್ ಫಿಲ್ಟರ್ ಬಿಟ್ಟು ಬೇರೆ ಯಾವುದನ್ನೂ ನಾನು ಯಾರಿಗೂ ಹೇಳಲ್ಲ.

ಪ್ರಶ್ನೆ ಕೇಳಿದವರು

ಸರ್, ನೀವು ಹೇಳಿದ ಹಾಗೇ ಮಾಡಿದೆ. ಪ್ಲಗ್ ತೆಗೆದಾಗ ಪಿಕಪ್ ಬಂತು. ಸೆನ್ಸರ್ ಮೇಲೆ ಜಿಡ್ಡು ಕಾಣುತ್ತಿತ್ತು. ಸ್ಪ್ರೇ ಹೊಡೆದು, ಕೋಡ್ ಅಳಿಸಿ ಓಡಿಸಿದೆ. ಲೈಟ್ ಮತ್ತೆ ಬಂದಿಲ್ಲ, ಗಾಡಿ ಮೊದಲಿನ ಹಾಗೇ ಎಳೆಯುತ್ತಿದೆ. ಆದರೆ ಪೈಪಿನಲ್ಲಿ ಬಟ್ಟೆಗೆ ಸಣ್ಣ ಕೆಂಪು ಮಣ್ಣು ಬಂತು. ಫಿಲ್ಟರ್‌ನ ರಬ್ಬರ್ ಅಂಚು ಒಂದು ಮೂಲೆಯಲ್ಲಿ ಬಾಕ್ಸ್‌ಗೆ ಸರಿಯಾಗಿ ಕೂತಿರಲಿಲ್ಲ. ಪೇಪರ್ ಫಿಲ್ಟರ್ ಹಾಕಿಬಿಟ್ಟೆ. ಇನ್ನೇನಾದರೂ ನೋಡಬೇಕಾ? ಪೇಪರ್‌ಗೆ ವಾರಕ್ಕೊಮ್ಮೆ ಏರ್ ಹೊಡೆಸಲಾ?

ಉತ್ತರ – ದಾವಣಗೆರೆಯಿಂದ

ಒಳ್ಳೆಯದಾಯಿತು ಸರ್. ಟರ್ಬೊ ಬಿಚ್ಚುವ ಖರ್ಚು ಉಳಿಯಿತು. ಮಣ್ಣು ಬಂದಿರುವುದರಿಂದ ಪೈಪು, ಬಾಕ್ಸ್ ಎರಡನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಟರ್ಬೊ ಬಾಯಲ್ಲಿ ಕಾಣುವ ರೆಕ್ಕೆಗಳ ಅಂಚು ಸವೆದಿದೆಯಾ ನೋಡಿಸಿ. ಇಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಈಗಲೇ ಬದಲಾಯಿಸಿ, ಸರ್ವೀಸ್ ಬರಲಿ ಅಂತ ಕಾಯಬೇಡಿ. ಆಮೇಲೆ ಆಯಿಲ್ ಲೆವೆಲ್ ಗಮನಿಸುತ್ತಿರಿ. ಬೇಗ ಇಳಿಯತೊಡಗಿದರೆ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯ ಒತ್ತಡ) ಚೆಕ್ ಮಾಡಿಸಿ.

ಏರ್ ಹೊಡೆಸಬೇಡಿ. ಪ್ರೆಶರ್‌ಗೆ ಪೇಪರ್ ಎಲ್ಲೋ ಒಂದು ಕಡೆ ಹರಿದರೆ ಕಣ್ಣಿಗೆ ಕಾಣಲ್ಲ, ಧೂಳು ನೇರ ಒಳಗೆ. ಪೇಪರ್ ಫಿಲ್ಟರ್ ಮೇಲೆ ಸ್ವಲ್ಪ ಧೂಳು ಕೂತಷ್ಟೂ ಸಣ್ಣ ಕಣವನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಹಾಗಾಗಿ ಪದೇಪದೇ ಬಿಚ್ಚುವುದೂ ಬೇಡ. ನಿಮ್ಮ ಗಾಡಿಯ ಪುಸ್ತಕದಲ್ಲಿ ಧೂಳಿನ ರಸ್ತೆಗೆ ಬೇರೆ ಕಿಲೋಮೀಟರ್ ಕೊಟ್ಟಿರುತ್ತಾರೆ. ಅದಿರು ಲಾರಿ ಓಡುವ ರಸ್ತೆಗೆ ಅದೇ ಲೆಕ್ಕ ಹಿಡಿಯಿರಿ. ಹೊಸದು ಹಾಕುವಾಗ ರಬ್ಬರ್ ಅಂಚು ಸುತ್ತಲೂ ಕೂತಿದೆಯಾ, ಕ್ಲಿಪ್ ಎಲ್ಲಾ ಬಿದ್ದಿದೆಯಾ ಅಂತ ನೀವೇ ಕೈ ಆಡಿಸಿ ನೋಡಿ.