ಪಾರಂಪರಿಕ ಬಂಗಲೆಯ ಮೇಲ್ಮಹಡಿ ಫ್ಲ್ಯಾಟ್: ಅಡ್ವಾನ್ಸ್‌ಗೆ ಮುಂಚೆ ಏನು ನೋಡಬೇಕು?

ಮಹಡಿಮನೆ:
ಮೈಸೂರಿನ ಲಕ್ಷ್ಮೀಪುರಂನಲ್ಲಿ ಪಾರಂಪರಿಕ ಪಟ್ಟಿಯಲ್ಲಿರೋ ಬಂಗಲೆಯನ್ನ ನಾಲ್ಕು ಫ್ಲ್ಯಾಟ್ ಮಾಡಿ ಮಾರ್ತಿದ್ದಾರೆ. ಮೇಲ್ಮಹಡಿಗೆ ತೇಗದ ಜಂತೆಯ ಮದ್ರಾಸ್ ತಾರಸಿ (ಜಂತೆ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಸಿದ ಚಾವಣಿ), ಸುಣ್ಣದ ಗಾರೆ ಗೋಡೆ. ಬಣ್ಣ ಹೊಸದು, ‘ಪೂರ್ತಿ ರಿಪೇರಿ ಆಗಿದೆ’ ಅಂತಾರೆ. ನಂಬಬಹುದಾ?

ಗಾರೆಕರಣೆ:
ಬಣ್ಣ ಬಿಡಿ, ಜಂತೆಯ ತುದಿ ನೋಡಿ. ಗೋಡೆಯೊಳಗೆ ಕೂತಿರೋ ತುದಿಯೇ ಮೊದಲು ಕೊಳೆಯೋದು. ಪ್ಯಾರಪೆಟ್ ಬುಡದಿಂದ ಇಳಿಯೋ ನೀರು ಅಲ್ಲೇ ನಿಲ್ಲುತ್ತೆ. ಏಣಿ ಹಾಕಿ ಪ್ರತಿ ಜಂತೆಯನ್ನೂ ಗೋಡೆ ಪಕ್ಕದಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಸ್ಕ್ರೂಡ್ರೈವರ್ ಒತ್ತಿ, ಸಲೀಸಾಗಿ ಇಳಿದರೆ ಗೆದ್ದಲು ಇಲ್ಲವೇ ಕೊಳೆತ.

ಆಮೇಲೆ ತಾರಸಿ ಹತ್ತಿ. ಸೋರಿಕೆ ನಿಲ್ಲಿಸೋಕೆ ಹಳೇ ಗಾರೆ ಮೇಲೆ 2 ಇಂಚು ಸಿಮೆಂಟ್ ಕಾಂಕ್ರೀಟ್ ಸುರಿದಿದ್ದರೆ ಚದರ ಮೀಟರಿಗೆ ಸುಮಾರು 120 ಕೆಜಿ ಭಾರ ಏರಿದೆ. 10×12 ಅಡಿ ಕೋಣೆಗೆ 1.3 ಟನ್. ಜಂತೆಯುದ್ದಕ್ಕೂ ದಾರ ಎಳೆದರೆ ಬಾಗು ಕಾಣುತ್ತೆ.

ಗೋಡೆಯನ್ನ ಮೊಳೆಯಿಂದ ಗೀರಿ. ಬಿಳಿ ಪುಡಿ ಉದುರಿದರೆ ಸುಣ್ಣ, ಬೂದುಬಣ್ಣದ ಗಟ್ಟಿ ಪದರ ಸಿಕ್ಕರೆ ಸಿಮೆಂಟ್ ಗಿಲಾವು. ಸಿಮೆಂಟ್ ಆದರೆ ಒಳಗಿನ ತೇವ ಹೊರಬರೋಲ್ಲ, ಉಪ್ಪು ಬಿಟ್ಟು ಹೊಪ್ಪಳೆ ಏಳುತ್ತೆ. ಪ್ಲಾಸ್ಟಿಕ್ ಎಮಲ್ಷನ್ ಬಣ್ಣದ್ದೂ ಅದೇ ಕಥೆ. ಸಾಧ್ಯವಾದರೆ ಜೋರು ಮಳೆಯ ಮರುದಿನ ನೋಡಿ.

ಖಾತೆಕಂದಾಯ:
ಕಾಗದದ ಕಡೆ ಚಾವಣಿಯೇ ತಕರಾರು. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಡಿಕ್ಲರೇಷನ್ ಡೀಡ್ (ಯಾವುದು ಯಾರದು, ಯಾವುದು ಎಲ್ಲರದು ಅಂತ ಹೇಳೋ ಘೋಷಣಾ ಪತ್ರ) ನೋಂದಣಿ ಆಗಿದೆಯಾ, ಅದರಲ್ಲಿ ತಾರಸಿ ಎಲ್ಲರದಾ, ನಿಮಗೆ ಜಾಗದಲ್ಲಿ ಎಷ್ಟು ಅವಿಭಜಿತ ಪಾಲು, ಓದಿ. ಇಲ್ಲದಿದ್ದರೆ ಸೋರಿದಾಗ ಖರ್ಚೆಲ್ಲ ಮೇಲಿನವರ ತಲೆಗೇ. ಫ್ಲ್ಯಾಟಿಗೆ ಪ್ರತ್ಯೇಕ ಇ-ಖಾತಾ ಇರಲಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗೋ ಇ.ಸಿ. (ಋಣಭಾರ ಪ್ರಮಾಣಪತ್ರ) 2004ರಿಂದ ಈಚಿನದು, ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೇ ಅರ್ಜಿ. ವಿಭಜನೆಗೂ ದುರಸ್ತಿಗೂ ತಗೊಂಡ ಅನುಮತಿಯ ನಕಲು ಕೇಳಿ. ಕೊಡೋಕೆ ಹಿಂದೆಮುಂದೆ ನೋಡಿದರೆ ಅಡ್ವಾನ್ಸ್ ಮಾತೇ ಬೇಡ.

ಮಹಡಿಮನೆ:
ಎರಡು ಜಂತೆ ಟೊಳ್ಳು ಬಂದರೆ ಕೈಬಿಡಬೇಕಾ ಸರ್?

ಗಾರೆಕರಣೆ:
ಬೇಕಿಲ್ಲ. ಕೊಳೆತ ತುದಿ ಕತ್ತರಿಸಿ, ಎರಡೂ ಮಗ್ಗುಲಿಗೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಬಿಗಿದು ಹೊಸ ತೇಗದ ತುಂಡು ಕೂಡಿಸಬಹುದು. ಆದರೆ ಆನಿಕೆ (ಚಾವಣಿ ಹೊರೋ ತಾತ್ಕಾಲಿಕ ಊರೆ) ಕೊಡದೆ ಮುಟ್ಟಬಾರದು. ಮೈಸೂರಿನ ಹಳೇ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದದ್ದು ದುರಸ್ತಿ ನಡೀತಿದ್ದಾಗಲೇ. ನಿಮ್ಮ ನೆಲವೂ ಜಂತೆಯದೇ ಆಗಿದ್ದರೆ ಆನಿಕೆ ಕೆಳಮನೆಯ ನೆಲದ ತನಕ ಇಳಿಯಬೇಕು. ಕೆಳಗಿನವರ ಒಪ್ಪಿಗೆಯನ್ನ ಕ್ರಯಕ್ಕೆ ಮೊದಲೇ ಬರವಣಿಗೆಯಲ್ಲಿ ತಗೊಳ್ಳಿ, ಖರ್ಚನ್ನ ಬೆಲೆಯಲ್ಲಿ ಮುರಿದುಕೊಳ್ಳಿ.